ಕರಿನೀರಿನ ಮನೆಯ ಏಜೆಂಟರು

ಹಿತ್ತಲ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ಮಳೆ ಎರಡು ದಿವಸ ಬಿಡುವು ಕೊಟ್ಟಿತ್ತು. ಹುಳ ಬೀಳುವ ಮೊದಲೇ ರಾಗಿಗೆ ಬಿಸಿಲು ಸಿಕ್ಕಿತಲ್ಲ ಎಂದು ಶಿವನಿಗೊಂದು ನಮಸ್ಕಾರ ಹಾಕಿಯೇ ಕೆಲಸಕ್ಕೆ ಕೂತಿದ್ದೆ. ನಮ್ಮ ಮನೆಯವರು ಕೊಬ್ಬರಿ ಮಂಡಿಯಿಂದ ಊಟದ ಹೊತ್ತಿಗೆ ಮುಂಚೆಯೇ ಬಂದರು. ಕಾಲು ತೊಳೆಯಲಿಲ್ಲ. ಬಾಗಿಲಲ್ಲೇ ನಿಂತು, “ಏಜೆಂಟ್ರು ತೀರ್ಕೊಂಡ್ರಂತೆ. ಹಾಸನದಲ್ಲಿ, ಮಗಳ ಮನೇಲಿ. ಬೆಳಗಿನ ಬಸ್ಸಿನ ಡ್ರೈವರ್ ಹೇಳಿದ,” ಎಂದರು.

ನಾನು ಕೇರುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ಹೊಟ್ಟಿನ ಜೊತೆಗೆ ಒಳ್ಳೆಯ ರಾಗಿಯೂ ನೆಲಕ್ಕೆ ಹಾರಿತ್ತು, ಗುಬ್ಬಿಗಳು ಆಗಲೇ ಸೇರಿದ್ದವು. ತಿನ್ನಲಿ ಎಂದು ಬಿಟ್ಟೆ. ಏಜೆಂಟರು ನರಳಲಿಲ್ಲವಂತೆ. ನಿನ್ನೆ ಬೆಳಿಗ್ಗೆ ಒಂದು ರೊಟ್ಟಿ ತಿಂದು, ಅರಕಲಗೂಡು ಬಸ್ಸು ಹೋಯಿತೇ ಎಂದು ಮಗಳನ್ನು ಕೇಳಿ, ಹೋಯಿತು ಅಂದ ಮೇಲೆ ಮಗ್ಗುಲಾದರಂತೆ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಏಜೆಂಟರು ಎಂದರೆ ನಮ್ಮ ಹೊಳೆನರಸೀಪುರದ ಬಸ್ ಏಜೆಂಟರು, ನಮ್ಮ ಪಕ್ಕದ ಮನೆಯವರು. ಹೆತ್ತವರು ಇಟ್ಟ ಹೆಸರೊಂದು ಅವರಿಗೆ ಇತ್ತು. ಆದರೆ ಅದನ್ನು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಆದ್ದರಿಂದ ಇಲ್ಲೂ ಬರೆಯುವುದಿಲ್ಲ. ಹಾಸನಕ್ಕಾಗಲಿ ಅರಕಲಗೂಡಿಗಾಗಲಿ ಚನ್ನರಾಯಪಟ್ಟಣಕ್ಕಾಗಲಿ, ಯಾವ ಬಸ್ಸೂ ಅವರು ಸೀಟಿ ಊದದೆ ಕದಲುವಂತಿರಲಿಲ್ಲ. ಮೇಲೆ ಖಾಕಿ ಕೋಟು, ಅದರಲ್ಲಿ ಒಂದು ಗುಂಡಿಯ ಜಾಗದಲ್ಲಿ ಪಿನ್ನು, ಕಿವಿಯ ಮೇಲೆ ಪೆನ್ಸಿಲು. ಕೆಳಗೆ ಪಂಚೆ, ಬರಿಗಾಲು. ಇದೇನು ವೇಷ ಎಂದು ಯಾರೋ ಕೇಳಿದ್ದಕ್ಕೆ, ಕಂಪನಿಯವರು ಸೊಂಟದವರೆಗೆ ಮಾತ್ರ ಕೊಟ್ಟಿದ್ದಾರೆ, ಉಳಿದದ್ದು ನಮ್ಮಪ್ಪ ಕೊಟ್ಟದ್ದು ಅಂದಿದ್ದರಂತೆ.

ಬಸ್ಸಿನ ಹೊತ್ತು ಕೇಳಿದರೆ ಅವರು ನಿಜ ಹೇಳುತ್ತಿರಲಿಲ್ಲ. ಒಂಬತ್ತರ ಬಸ್ಸಿಗೆ ಎಂಟು ಅನ್ನುತ್ತಿದ್ದರು. ಒಂದು ಸಲ ನನ್ನ ತವರು ಹಿರೀಸಾವೆಗೆ ಹೊರಟಾಗ ಅವರ ಮಾತು ನಂಬಿ ಹಾಲನ್ನೂ ಕಾಯಿಸದೆ ಎರಡು ಮಕ್ಕಳನ್ನು ಎಳೆದುಕೊಂಡು ಓಡಿದೆ. ಅಲ್ಲಿ ಬಸ್ಸೂ ಇಲ್ಲ, ಡ್ರೈವರೂ ಇಲ್ಲ. ನಾನು ಮುಖ ನೋಡಿ ಮಾತಾಡುವವಳಲ್ಲ. ನಿಮ್ಮಿಂದ ಒಂದು ಸೇರು ಹಾಲು ಒಡೆಯಿತು ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ದಿಟ ಏಳಿದ್ರೆ ನೀವು ಬಸ್ಸು ಓದ್ಮೇಕೆ ಬತ್ತಿದ್ರಿ ಕಣವ್ವಾ. ಆಲು ನಾಳೀಕೂ ಸಿಕ್ತದೆ,” ಎಂದು ಮಕ್ಕಳಿಗೆ ಕಡಲೆಕಾಯಿ ಕೊಡಿಸಿದರು. ನಾವು ಹೋಗಿ ಬರುವವರೆಗೆ ನಮ್ಮ ಹಸುವಿಗೆ ನೀರು ಇಟ್ಟವರೂ ಅವರೇ.

ರುದ್ರಪಟ್ಟಣದ ಸಂಗೀತದವರೊಬ್ಬರು ಒಮ್ಮೆ ತಂಬೂರಿ ಹಿಡಿದುಕೊಂಡು ಬಸ್ಸು ಹತ್ತಿದರಂತೆ. ಕಂಡಕ್ಟರು ಅದನ್ನು ಮೇಲೆ ಹಾಕಬೇಕು ಎಂದ, ಅವರು ಕೂಡದು ಎಂದರು. ಏಜೆಂಟರು ಬಂದು ತಂಬೂರಿಗೆ ಕಿಟಕಿ ಪಕ್ಕದ ಜಾಗ ಬಿಡಿಸಿಕೊಟ್ಟರು, ಬಸುರಿ ಹೆಂಗಸಿಗೆ ಬಿಡಿಸಿಕೊಡುವ ಹಾಗೆ. ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿ ತಾಯಿಯನ್ನು ತಬ್ಬಿಕೊಂಡು ಅಳುತ್ತಿದ್ದರೆ ಸೀಟಿ ಅವರ ಬಾಯಿಗೇ ಹೋಗುತ್ತಿರಲಿಲ್ಲ. ಹೊತ್ತಾಯಿತು ಎಂದು ಡ್ರೈವರು ಗೊಣಗಿದರೆ, “ನಿನ್ ತಂಗೀನ ಕಳ್ಸೋವಾಗ ಟೇಮ್ ನೋಡಿದ್ಯೇನ್ಲಾ?” ಎಂದು ಒಂದೇ ಮಾತು. ಆಮೇಲೆ ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿದರಲ್ಲ, ಆಗ ಅವರು ಬೆಳಗಿನ ಜಾವಕ್ಕೇ ಹೋಗಿ ಒಲೆಗೆ ಗಾಳಿ ಊದುವ ಚಕ್ರ ತಿರುವಬೇಕಾಗಿತ್ತು. ಗೋಡೆಯಾಚೆ ನನ್ನನ್ನು ಕಂಡು, ಇಷ್ಟು ವರ್ಷ ಹೆಂಗಸರು ಹಸಿ ಸೌದೆ ಊದುವ ಕಷ್ಟ ಏನು ಎಂದು ಗೊತ್ತಿರಲಿಲ್ಲ, ಈಗ ಕಂಪನಿ ಕಲಿಸಿತು ಎನ್ನುತ್ತಿದ್ದರು.

ಅವರ ಒಂದು ಚಾಳಿ ಮಾತ್ರ ಊರಿಗೇ ತಮಾಷೆಯಾಗಿತ್ತು. ದೂರದ ಊರಿನವರು ಯಾರೇ ಬಸ್ಸಿಳಿದರೂ, ಮಲೆಯಾಳದ ಬಟ್ಟೆ ವ್ಯಾಪಾರಿಯಾಗಲಿ, ರಜಕ್ಕೆ ಬಂದ ಸಿಪಾಯಿಯಾಗಲಿ, ಮೂಟೆ ಇಳಿಸಿಕೊಟ್ಟು ಮೆಲ್ಲಗೆ ಕೇಳುತ್ತಿದ್ದರು: ಅಂಡಮಾನಿನ ಕಡೆ ಏನಾದರೂ ಹೋಗಿದ್ದಿರಾ? ಯಾರೂ ಹೋಗಿರಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ.

ಅದು ಏಕೆಂದು ಹೇಳುತ್ತೇನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದವರನ್ನು ಎಲ್ಲರೂ ‘ಕರಿನೀರ್ನೋರು’ ಅನ್ನುತ್ತಿದ್ದರು. ನಮಗೂ ಅವರಿಗೂ ಬಾವಿ ಒಂದೇ. ನೀರಿನಲ್ಲಿ ಏನೋ ದೋಷ ಇರಬೇಕೆಂದು ನಾನು ನಾಲ್ಕು ದಿವಸ ಆ ಬಾವಿಗೆ ಕೊಡ ಇಳಿಸದೆ, ಹೊಳೆಯಿಂದ ಹೊತ್ತು ತಂದೆ. ಐದನೆಯ ದಿವಸ ಏಜೆಂಟರ ತಾಯಿ ಗೋಡೆಯ ಮೇಲಿಂದ ನೋಡಿ, ಇದ್ಯಾಕವ್ವ ಸೊಂಟ ಮುರ್ಕೊತೀಯೆ ಎಂದು ವಿಚಾರಿಸಿದರು. ನಾನು ಇದ್ದದ್ದನ್ನು ಹೇಳಿದೆ. ಆಯಮ್ಮ ನಕ್ಕು ನಕ್ಕು ಕೆಮ್ಮು ಬಂದು ಕೂತರು. ಆಮೇಲೆ ತಾವೇ ಸೇದಿ ನನ್ನ ಕೊಡಕ್ಕೆ ತುಂಬಿ, ಮನೆಯ ಕಥೆ ಹೇಳಿದರು.

ಅವರ ಮಾವ, ಎಂದರೆ ಏಜೆಂಟರ ತಾತ, ಗದ್ದೆಗೆ ನೀರು ಬಿಡುವ ಸರದಿಯ ಜಗಳದಲ್ಲಿ ಇನ್ನೊಬ್ಬನಿಗೆ ಗುದ್ದಲಿ ಕಾವಿನಿಂದ ಹೊಡೆದ. ಒಂದೇ ಏಟು. ಮೂರನೆಯ ದಿವಸ ಆ ಮನುಷ್ಯ ಸತ್ತ. ದೊರೆಗಳ ಕಾಲ, ಇವನನ್ನು ಗಾಡಿಯಲ್ಲಿ ಹಾಸನಕ್ಕೆ ಒಯ್ದು, ಅಲ್ಲಿಂದ ಮದರಾಸಿಗೆ, ಅಲ್ಲಿಂದ ಹಡಗಿನಲ್ಲಿ ಸಮುದ್ರದಾಚೆಯ ದ್ವೀಪಕ್ಕೆ ಹಾಕಿದರು. ಕರಿನೀರಿನ ಶಿಕ್ಷೆ. ಆಗ ಅವನ ಹೆಂಡತಿ ನಾಲ್ಕು ತಿಂಗಳ ಬಸುರಿ. ತವರಿಗೆ ಹೋಗಿ ಗಂಡು ಹೆತ್ತಳು, ಸಾಕಿದಳು, ಸೊಸೆ ತಂದಳು. ಗಂಡನಿಂದ ಒಂದು ಸುದ್ದಿ ಇಲ್ಲ. ಇದ್ದಾನೋ ಸತ್ತನೋ ತಿಳಿಯದು. ಅವಳು ಮಾತ್ರ ಸಾಯುವವರೆಗೂ ತಾಳಿ ತೆಗೆಯಲಿಲ್ಲ, ಹಣೆ ತುಂಬ ಕುಂಕುಮ ಇಟ್ಟಳು. ಎದುರಿಗೆ ಮುತ್ತೈದೆ ಎಂದು ಎಲೆಯಡಿಕೆ ಕೊಟ್ಟು, ಬೆನ್ನ ಹಿಂದೆ ಮುಂಡೆ ಕುಂಕುಮ ಇಟ್ಟುಕೊಂಡಿದ್ದಾಳೆ ಎಂದು ಆಡಿಕೊಂಡವರೇ ಹೆಚ್ಚು. ಮದುವೆ ಮನೆಯಲ್ಲಿ ಆರತಿ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡದ್ದೂ ಉಂಟಂತೆ.

ಏಜೆಂಟರು ಅಜ್ಜಿಯನ್ನು ಕಂಡಿದ್ದರು. ಅವರಿಗೆ ಹದಿನಾಲ್ಕೋ ಹದಿನೈದೋ ಆಗಿದ್ದಾಗ, ಪ್ಲೇಗು ಬರುವ ಹಿಂದಿನ ವರ್ಷ, ಆಕೆ ಹೋದಳು. ಬಳೆ ತೊಡಿಸಿ, ಹೂ ಮುಡಿಸಿ ಮಣ್ಣು ಮಾಡಿದರು. ಆಗಲೂ ಇಬ್ಬರು ಗುಸುಗುಸು ಅಂದದ್ದು ಹುಡುಗನ ಕಿವಿಗೆ ಬಿತ್ತು. ಅದೇ ಮುಳ್ಳು, ಅರವತ್ತರ ಹತ್ತಿರ ಬಂದರೂ ಕಾಲಿನಲ್ಲೇ ಇತ್ತು.

ಅವರ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಅವರವರಿಗೆ ಪ್ರೀತಿಯ ಅಡುಗೆ, ಹೊಸ ಬಟ್ಟೆ. ಧೂಪ ಹಾಕಿ ಕರೆದು, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತಾರೆ. ಅಜ್ಜಿಯ ಎಲೆಗೆ ಅರಿಶಿನ ಕುಂಕುಮ ಬಳೆ ಎಲ್ಲ ಇಡುತ್ತಿದ್ದರು. ತಾತನಿಗೆ ಎಲೆಯೇ ಇಲ್ಲ. ನಾನು ಒಮ್ಮೆ ಕೇಳಿಬಿಟ್ಟೆ: ಇದ್ದಿದ್ದರೆ ಈಗ ನೂರು ದಾಟಿರಬೇಕು, ಎಲ್ಲಿ ಬದುಕಿರುತ್ತಾರೆ, ಒಂದು ಎಲೆ ಇಟ್ಟರೆ ಏನು? ಅವರು ಕೋಟಿನ ಪಿನ್ನನ್ನು ಬಿಚ್ಚಿ ಹಾಕಿ ಮಾಡುತ್ತ ನಿಂತರು.

“ಅವ್ನು ಸತ್ತವ್ನೆ, ಗೊತ್ತು ಕಣವ್ವ. ಯಾವಾಗ ಸತ್ತ ಅನ್ನಾದು ಗೊತ್ತಾಗ್ಬೇಕು. ಅಜ್ಜಿಗಿಂತ ಮುಂಚೆ ಓಗಿದ್ರೆ ಆ ಕುಂಕುಮ ಸುಳ್ಳು, ಆಡ್ಕೊಂಡೋರ್ ಮಾತೇ ನಿಜ. ಆಮೇಕ್ ಓಗಿದ್ರೆ ಕುಂಕುಮ ನಿಜ. ಅದು ತೀರ್ಮಾನ ಆಗ್ದೆ ನಾನು ಅವ್ನಿಗೆ ಎಲೆ ಆಕಿದ್ರೆ, ನನ್ ಕೈಯಾರೆ ಅಜ್ಜಿ ಅಣೆ ಒರ್ಸಿದಂಗೆ ಆಯ್ತದೆ.”

ನಮ್ಮಲ್ಲಿ ಎಡೆ ಗಿಡೆ ಇಲ್ಲ. ಸತ್ತವರು ಶಿವನ ಪಾದ ಸೇರಿದರು ಅಂದರೆ ಮುಗಿಯಿತು. ಆದರೂ ಅವರ ಮಾತು ನನಗೆ ಸರಿಯಾಗಿಯೇ ಕಂಡಿತು. ಹೆಂಗಸಿನ ಕುಂಕುಮ ಸತ್ತ ಮೇಲಾದರೂ ಅವಳದೇ ಅಲ್ಲವೇ.

ಆದ್ದರಿಂದ ಕಾಗದಗಳು ಹೋದವು. ನಮ್ಮ ಮನೆಯವರಿಗೆ ಮಂಡಿ ವ್ಯವಹಾರಕ್ಕೆ ಬೇಕಾಗುವಷ್ಟು ಇಂಗ್ಲಿಷು ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಬರೆಯುವರು, ನಾನು ಮಜ್ಜಿಗೆ ಕೊಡುವೆ. ಹಾಸನಕ್ಕೆ ಒಂದು, ಬೆಂಗಳೂರಿಗೆ ಒಂದು, ಮದರಾಸಿಗೆ ಒಂದು, ಕೊನೆಗೆ ದ್ವೀಪಕ್ಕೇ ಒಂದು: ಹೊಳೆನರಸೀಪುರ ತಾಲ್ಲೂಕಿನ ಸಣ್ಣಪ್ಪ ಎಂಬ ಕೈದಿ ಏನಾದ, ದಯಮಾಡಿ ತಿಳಿಸಬೇಕು. ನಾಲ್ಕು ವರ್ಷದಲ್ಲಿ ನಾಲ್ಕೂ ಕಡೆಯಿಂದ ಉತ್ತರ ಬಂತು. ಆ ಹೆಸರಿನವರು ಯಾರೂ ದಾಖಲೆಯಲ್ಲಿ ಇಲ್ಲ. ದ್ವೀಪದ ಉತ್ತರ ಬಂದ ದಿವಸ ಏಜೆಂಟರು ಬಸ್ಸಿನ ಹೊತ್ತನ್ನು ಎಲ್ಲರಿಗೂ ಸರಿಯಾಗಿ ಹೇಳಿದರಂತೆ. ಮಂಡಿಯಲ್ಲಿ ಅದೇ ದೊಡ್ಡ ಸುದ್ದಿ. ಅವರಿಗೆ ಮೈ ಸರಿಯಿಲ್ಲವೇ ಎಂದು ಜನ ವಿಚಾರಿಸಿದರು.

ಆ ಮುಂದಿನ ವರ್ಷ ಖಾನೇಷುಮಾರಿ ನಡೆಯಿತು, ತಲೆ ಲೆಕ್ಕ. ಸ್ಕೂಲಿನ ಮೇಷ್ಟರೊಬ್ಬರು ದೊಡ್ಡ ಪುಸ್ತಕ ಹಿಡಿದುಕೊಂಡು ಬಂದರು. ನಾನೂ ಏಜೆಂಟರ ತಾಯಿಯೂ ಅವರ ಜಗಲಿಯ ಮೇಲೆ ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದೆವು. ಅವರನ್ನು ನಾನು ಅಜ್ಜಮ್ಮ ಅನ್ನುತ್ತಿದ್ದೆ; ಅವರಿಗೆ ಆಗ ಎಪ್ಪತ್ತೈದರ ಮೇಲೆ, ಕಣ್ಣು ಮಂಜು, ಕೈ ಮಾತ್ರ ನನಗಿಂತ ಚುರುಕು. ಮೇಷ್ಟರು ನನ್ನ ಯಜಮಾನರ ಹೆಸರು ಕೇಳಿದರು. ನಾನು ನೆಲ ನೋಡಿದೆ. ಮತ್ತೆ ಕೇಳಿದರು. ಗಂಡನ ಹೆಸರು ಎತ್ತಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಲಿಸಿದ್ದು, ಸರ್ಕಾರ ಕೇಳಿದರೆ ಬಿಡುವುದಕ್ಕಾಗುತ್ತದೆಯೇ? ಅಜ್ಜಮ್ಮ ನನ್ನ ಪರವಾಗಿ ಗಟ್ಟಿಯಾಗಿ ಹೇಳಿದರು. ಆಮೇಲೆ ಅವರ ಸರದಿ. ತೀರಿಕೊಂಡ ಅವರ ಗಂಡನ ಹೆಸರನ್ನು ನಾನು ಹೇಳಿದೆ. ನೀವಿಬ್ಬರು ಅಕ್ಕಪಕ್ಕ ಇಲ್ಲದಿದ್ದರೆ ಈ ಬೀದಿಯ ಗಂಡಸರಿಗೆ ಹೆಸರೇ ಇರುತ್ತಿರಲಿಲ್ಲ ಎಂದು ಮೇಷ್ಟರು ನಗುತ್ತ ಮುಂದಿನ ಮನೆಗೆ ಹೋದರು.

ನಾನು ಅದೇ ಖುಷಿಯಲ್ಲಿ, ಅವರು ನಿಮ್ಮ ಮಾವನ ಹೆಸರು ಕೇಳಿದ್ದರೂ ಹೇಳಿಬಿಡುತ್ತಿದ್ದೆ ಅಜ್ಜಮ್ಮ, ಸಣ್ಣಪ್ಪ ಅಂತ, ಎಂದೆ.

“ಅದ್ಯಾಕವ್ವ ಎಸ್ರು?” ಎಂದರು ಅಜ್ಜಮ್ಮ, ಬೀಜ ತೆಗೆಯುತ್ತಲೇ. “ಅದು ಮನೇಲಿ ಕರಿಯಾದು. ಎಸ್ರು ಬ್ಯಾರೆ.”

ನನ್ನ ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಬಿಡಿಸಿ ಬಿಡಿಸಿ ಕೇಳಿದೆ. ಆತ ಅಣ್ಣತಮ್ಮಂದಿರಲ್ಲಿ ಕಿರಿಯವನು, ಅತ್ತಿಗೆ ಅವನನ್ನು ಸಣ್ಣಪ್ಪ ಎಂದು ಕರೆದಳು, ಆಮೇಲೆ ಮನೆಮಂದಿಯೆಲ್ಲ ಹಾಗೇ ಕರೆದರು. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಮಗ ಅಪ್ಪನ ಹೆಸರೇನು ಎಂದು ಕೇಳಿದಾಗ ಅವಳೂ ಅದನ್ನೇ ಹೇಳಿದಳು. ಮಗ ತನ್ನ ಮಗನಿಗೆ ಅದನ್ನೇ ಹೇಳಿದ. ನಿಜವಾದ ಹೆಸರನ್ನು ಆಕೆ ಸೊಸೆಗೆ ಮಾತ್ರ, ಅದೂ ಸಾಯುವ ಮುಂಚೆ, ತನ್ನ ಮದುವೆಯ ದಿವಸ ಹೊಸಿಲಲ್ಲಿ ತಡೆದು ಹೇಳಿಸಿದ್ದ ಒಡಪಿನೊಳಗೆ ಸೇರಿಸಿ ಹೇಳಿದ್ದಳಂತೆ. ಹೆಸರನ್ನು ಹಾಡಿನ ಸಾಲಿನೊಳಗೆ ಹುದುಗಿಸಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ.

“ಅಜ್ಜಮ್ಮ, ನಿಮ್ಮ ಮಗ ನಾಲ್ಕು ಕಾಗದದಲ್ಲೂ ಸಣ್ಣಪ್ಪ ಅಂತಲೇ ಬರೆಸಿದ್ದಾರೆ.”

“ಅವ್ನು ನನ್ನ ಕೇಳ್ನಾ? ಬರ್ದಿವ್ನಿ ಕಣವ್ವ ಅಂದ. ಬರ್ದವ್ನೆ ಅನ್ಕೊಂಡೆ.”

ಹಾಗಾದರೆ ಹೆಸರು ಹೇಳಿ ಎಂದೆ. ಆಯಮ್ಮ ತುಟಿ ಬಿಗಿದರು. ಮಾವನ ಹೆಸರನ್ನು ಬಾಯಲ್ಲಿ ತರುವುದು ಹೇಗೆ, ಈಗ ತಾನೆ ನೀನು ನಿನ್ನ ಗಂಡನ ಹೆಸರು ಹೇಳಿದೆಯಾ ಎಂದು ನನ್ನನ್ನೇ ಕೇಳಿದರು. ಒಡಪನ್ನಾದರೂ ಹೇಳಿ ಎಂದರೆ, ಅದು ಹೆಂಡತಿಯ ಒಡಪು, ಸೊಸೆಯ ಬಾಯಲ್ಲಿ ಬರಬಾರದು. ನಾನೇ ಒಂದೊಂದಾಗಿ ಹೆಸರು ಹೇಳುತ್ತೇನೆ, ಸರಿಯಾದದ್ದು ಬಂದಾಗ ತಲೆ ಆಡಿಸಿ ಎಂದೆ. ತಲೆ ಆಡಿಸಿದರೂ ಹೇಳಿದ ಹಾಗೆಯೇ ಅಲ್ಲವೇ, ನಾನು ಆಡಿಸುವುದಿಲ್ಲ, ನಿನ್ನ ಬಾಯಿ, ನಿನ್ನ ಇಷ್ಟ, ಏನಾದರೂ ಹೇಳಿಕೊ ಅಂದರು. ಅಷ್ಟು ದಾರಿ ಬಿಟ್ಟರಲ್ಲ, ಸಾಕು.

ನಾನು ಶುರು ಮಾಡಿದೆ. ರಂಗಪ್ಪ. ಆಯಮ್ಮ ಬೀಜ ತೆಗೆದರು. ಚೆನ್ನಪ್ಪ, ತಿಮ್ಮಪ್ಪ, ಬೋರಪ್ಪ. ಕೆಂಚಪ್ಪ ಎಂದಾಗ, ಅವ್ನು ನಮ್ ತವರ್ ಮನೆ ತ್ವಾಟದಲ್ಲಿದ್ದ ಆಳು, ಬಲೇ ಸೋಂಬೇರಿ ಎಂದರು. ಮರಿಯಪ್ಪ, ಕಾಳಪ್ಪ, ಮಲ್ಲಪ್ಪ. ನನ್ನ ಬಾಯಿ ಒಣಗಿತು. ನಮ್ಮ ಕಡೆಯ ದೇವರುಗಳನ್ನೆಲ್ಲ ನೆನೆಸಿಕೊಂಡು ನಂಜಪ್ಪ ಎಂದೆ.

ಅಜ್ಜಮ್ಮನ ಕೈ ನಿಂತಿತು. ಹುಣಿಸೆ ಅಂಟಿದ ಕೈಯಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗೋಡೆ ಹಿಡಿದುಕೊಂಡು ಎದ್ದು, ಬಾಗಿಲ ಮರೆಗೆ ಸರಿದು, ತಲೆ ತಗ್ಗಿಸಿ ನಿಂತರು, ಹಿರಿಯರು ಮನೆಯೊಳಗೆ ಬಂದಾಗ ಎಳೆ ಸೊಸೆ ನಿಲ್ಲುವ ಹಾಗೆ. ತಾನು ಒಂದು ದಿವಸವೂ ಕಾಣದ ಮಾವನಿಗೆ.

ನಾನೂ ಎದ್ದು ನಿಂತೆ. ಕೂತಿರುವುದು ಸರಿಯೆನಿಸಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ನಾವು ನಂಜನಗೂಡಿಗೆ ಹೋಗಿ ಬಂದು ಪ್ರಸಾದ ಕೊಟ್ಟರೆ ಆಯಮ್ಮ ‘ಆ ಬಾಳೆಹಣ್ಣಿನೂರ ಪರಸಾದ’ ಎಂದೇ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಗಾಯ ನಂಜಾಯಿತು ಎಂದು ಎಲ್ಲರೂ ಅನ್ನುವ ಕಡೆ ಅವರು ಗಾಯ ಮುನಿಸಿಕೊಂಡಿದೆ ಅನ್ನುತ್ತಿದ್ದರು. ಹತ್ತು ವರ್ಷ ಕೇಳಿದ್ದೆ, ನನ್ನ ತಲೆಗೆ ಹತ್ತಿರಲಿಲ್ಲ.

ಸಂಜೆ ಏಜೆಂಟರಿಗೆ ಹೇಳಿದಾಗ ಅವರು ಮೆಟ್ಟಿಲ ಮೇಲೆ ಕೂತು ನಕ್ಕರು. “ನಾಕ್ ವರ್ಸ ಇಲ್ದೇ ಇರೋ ಮನ್ಸನ್ನ ಉಡುಕ್ದೆ ಕಣವ್ವಾ. ಗೊತ್ತಿದ್ದೋಳು ಮನೆ ಒಳ್ಗೇ ಕುಂತು ಮುದ್ದೆ ಕಟ್ತಿದ್ಲು.”

ಐದನೆಯ ಕಾಗದ ಹೋಯಿತು, ನಂಜಪ್ಪನ ಹೆಸರಿನಲ್ಲಿ. ಸುಮಾರು ಎಂಟು ತಿಂಗಳಿಗೆ ದ್ವೀಪದಿಂದ ಉತ್ತರ ಬಂತು. ಆ ಮೇಲೆ ಸ್ವಲ್ಪ ದಿವಸಕ್ಕೆ ಜಪಾನಿನವರು ಬಂದು ದ್ವೀಪವನ್ನು ಹಿಡಿದುಕೊಂಡರಂತೆ, ಟಪಾಲೇ ನಿಂತುಹೋಯಿತಂತೆ. ಮೇಷ್ಟರು ತಲೆ ಎಣಿಸಲು ಒಂದು ವರ್ಷ ತಡವಾಗಿ ಬಂದಿದ್ದರೆ ಆ ಕಾಗದ ಇಲ್ಲ. ಶಿವ ಯಾವ ಯಾವ ಕೈಯಿಂದ ಕೆಲಸ ಮಾ­ಡಿಸುತ್ತಾನೋ.

ನಮ್ಮ ಜಗಲಿಯ ಮೇಲೆ ಕಾಗದ ಬಿಚ್ಚಿದರು. ನಮ್ಮ ಮನೆಯವರು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದರು. ಹಾಸನ ಸೀಮೆಯ ನಂಜಪ್ಪ, ಜೀವಾವಧಿ ಶಿಕ್ಷೆ. ನಡತೆ ಒಳ್ಳೆಯದು. ಕೆಲವು ವರ್ಷಗಳ ಮೇಲೆ ಜೈಲಿನಿಂದ ಹೊರಗೆ ಬಿಟ್ಟು, ದ್ವೀಪದಲ್ಲೇ ಸಾಗುವಳಿಗೆ ನೆಲ ಕೊಟ್ಟರು. ಭತ್ತ ಬೆಳೆದ, ತೆಂಗು ಇಟ್ಟ. ಅಲ್ಲಿಗೆ ಬಂದು ಓದುವವರು ಒಂದು ಸಾಲು ಬಿಟ್ಟು ಮುಂದಕ್ಕೆ ಹೋದದ್ದು ನನಗೇ ಗೊತ್ತಾಯಿತು. ಏಜೆಂಟರಿಗೂ ಗೊತ್ತಾಯಿತು.

“ನುಂಗ್ಬೇಡಿ ಸಾ, ಓದಿ.”

ಓದಿದರು. ಅಧಿಕಾರಿಗಳ ಅಪ್ಪಣೆ ಪಡೆದು ಅಲ್ಲಿನ ಒಬ್ಬ ಹೆಣ್ಣು ಕೈದಿಯನ್ನು ಮದುವೆಯಾದ. ಮಕ್ಕಳಿಲ್ಲ. ಅವಳು ಮೊದಲು ತೀರಿಕೊಂಡಳು, ಆಮೇಲೆ ಅವನು, ತನ್ನ ಗುಡಿಸಲಲ್ಲೇ, ವಯಸ್ಸಾಗಿ. ಯಾವ ವರ್ಷ ಎಂದೂ ಇತ್ತು. ನಮ್ಮ ಮನೆಯವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಪ್ಲೇಗು ಬಂದ ವರ್ಷ ಹಿಡಿದು, ಅದಕ್ಕೊಂದು ಹಿಂದೆ ಹೋಗಿ, ಎರಡು ಸಲ ಎಣಿಸಿದರು. ಅಜ್ಜಿ ಸತ್ತು ನಾಲ್ಕು ವರ್ಷ ಆದ ಮೇಲೆ.

ಕುಂಕುಮ ನಿಜ. ಆ ಮಾತಿಗಾಗಿ ಅಷ್ಟು ವರ್ಷ ಕಾದ ಮನುಷ್ಯ ಎದ್ದು ಕುಣಿಯಬೇಕಾಗಿತ್ತು. ಅವರ ಮುಖ ಕಪ್ಪಿಟ್ಟಿತು. ಇಲ್ಲಿ ಅಜ್ಜಿ ಊರವರ ಬಾಯಿಗೆ ಬಿದ್ದುಕೊಂಡು ಇವನ ಹೆಸರಿನ ಕುಂಕುಮ ಇಡುತ್ತಿದ್ದಳು, ಇವನು ಅಲ್ಲಿ ಇನ್ನೊಂದು ಒಲೆ ಹೂಡಿದ್ದ ಎಂದರು. ಅವನಿಗೆ ಎಲೆಯೂ ಇಲ್ಲ ಗಿಲೆಯೂ ಇಲ್ಲ, ಅವ್ವನಿಗೆ ಇದನ್ನು ಹೇಳುವುದೂ ಬೇಡ ಎಂದು ಕಾಗದ ಮಡಿಸಿದರು.

ಆದರೆ ಅಜ್ಜಮ್ಮ ಕೋಲು ಊರಿಕೊಂಡು ಆಗಲೇ ನಮ್ಮ ಬಾಗಿಲಿಗೆ ಬಂದಿದ್ದರು. ಕುಂಕುಮ ನಿಜವಂತೆ ಎಂದು ನಾನೇ ಹೇಳಿದೆ. ಆಯಮ್ಮ ಕೈ ಎತ್ತಿ ಯಾವುದೋ ದಿಕ್ಕಿಗೆ ಮುಗಿದು, ಹೊಸಿಲ ಮೇಲೆ ಕೂತರು. ಆಮೇಲೆ ಕೇಳಿದ್ದು ಒಂದೇ.

“ಅಲ್ಲಿ ಅವ್ರಿಗೆ ಬೇಯ್ಸಿ ಇಕ್ಕೋರು ಯಾರಿದ್ರಂತ್ಲಾ?”

ಏಜೆಂಟರು ನನ್ನ ಕಡೆ ನೋಡಿದರು. ಬಸ್ಸಿನ ಹೊತ್ತಿಗೆ ದಿನಾ ಸುಳ್ಳು ಹೇಳುವ ಬಾಯಿಗೆ ಆಗ ಸುಳ್ಳು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದರು, ಸಿಟ್ಟನ್ನೂ ಸೇರಿಸಿ ಹೇಳಿದರು. ಅಜ್ಜಮ್ಮ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡರು. ಎಷ್ಟು ವರ್ಷ ಜೊತೆಯಲ್ಲಿದ್ದಳು ಎಂದು ಕೇಳಿದರು. ಇಪ್ಪತ್ತರ ಮೇಲೆ ಎಂದು ನಮ್ಮ ಮನೆಯವರು ಹೇಳಿದರು.

“ಬಡ್ಡಿಐದ್ನೆ, ನಿಂಗೆ ಬುದ್ಧಿ ಅದಾ?” ಎಂದರು ಅಜ್ಜಮ್ಮ ಮಗನಿಗೆ. “ಅವ್ಳು ಕಾಲ್ ಕಾಲ್ಕೆ ಬೇಯ್ಸಿ ಇಕ್ದೇ ಓಗಿದ್ರೆ ಆ ನೀರಲ್ಲಿ ಆ ಜರದಲ್ಲಿ ಅವ್ರು ಬದುಕ್ತಿದ್ರಾ? ಮೂರೇ ವರ್ಸಕ್ಕೆ ಓಯ್ತಿದ್ರು. ಆವಾಗ ನಿನ್ ಅಜ್ಜಿ ಕುಂಕುಮ ಎಲ್ಲಿರಾದು? ಅದ ಕಾದೋಳೇ ಅವ್ಳು ಕಣ್ಲಾ.”

ಅಜ್ಜಮ್ಮನೇ ಮುಂದುವರಿಸಿ, ಈ ಸಲ ಮೂರು ಎಲೆ ಹಾಕಬೇಕು, ನಿನ್ನ ಅಜ್ಜಿಯದು ನಡುವೆ ಎಂದು ತೀರ್ಮಾನ ಕೊಟ್ಟರು. ಆ ಹೆಂಗಸಿನ ಹೆಸರನ್ನು ಕಾಗದದಲ್ಲಿ ಬರೆದಿರಲಿಲ್ಲ. ಹೆಸರಿಲ್ಲದೆ ಹೇಗೆ ಕರೆಯುವುದು ಎಂದು ಏಜೆಂಟರು ಕೊನೆಯ ಆಕ್ಷೇಪಣೆ ಎತ್ತಿದರು. ಈ ಮನೆಗೆ ಬಂದಾಗಿನಿಂದ ನಾನು ಯಾರ ಹೆಸರು ಹೇಳಿದ್ದೇನೆ, ಕರೆದರೆ ಎಲ್ಲರೂ ಬಂದಿಲ್ಲವೇ ಎಂದರು ಆಯಮ್ಮ.

ಇನ್ನೊಂದು ಕಷ್ಟ ಉಳಿಯಿತು. ಅವರ ಎಡೆಯಲ್ಲಿ ಮಾಂಸದಡುಗೆ ಇರುತ್ತದೆ. ಆ ಹೆಂಗಸು ಯಾವ ಸೀಮೆಯವಳೋ, ಯಾವ ಜಾತಿಯೋ, ಏನು ತಿನ್ನುವವಳೋ, ಏನು ತಿನ್ನದವಳೋ. ಬಡಿಸಿ ಕೆಡಿಸಬಾರದು. ತಾಯಿ ಮಗ ಇಬ್ಬರೂ ಎರಡು ದಿವಸ ಯೋಚನೆ ಮಾಡಿ ನನ್ನ ಹತ್ತಿರ ಬಂದರು. ನಿಮ್ಮ ಒಲೆಯ ಅಡುಗೆ ಯಾರಿಗೂ ದೋಷವಿಲ್ಲ, ಅವಳ ಎಲೆಗೆ ನೀವೇ ಮಾಡಿಕೊಡಿ ಎಂದು ಕೇಳಿದರು. ನಾನು ಮಿಂದು, ಲಿಂಗಪೂಜೆ ಮುಗಿಸಿ, ಅನ್ನ, ತೊವ್ವೆ, ಕುಂಬಳಕಾಯಿ ಪಲ್ಯ, ಪಾಯಸ, ಉದ್ದಿನ ವಡೆ ಮಾಡಿ ಗೋಡೆಯ ಮೇಲಿಂದ ಕೊಟ್ಟೆ. ಏಜೆಂಟರು ತಾತನಿಗೆ ಪಂಚೆ, ಅಜ್ಜಿಗೆ ಸೀರೆ, ಮೂರನೆಯ ಎಲೆಗೆ ಒಂದು ರವಿಕೆ ಕಣ ಇಟ್ಟರು. ಮರುವರ್ಷ ಅಲ್ಲಿಗೂ ಸೀರೆಯೇ ಬಂತು. ಗಾಡಿ ಬಾಡಿಗೆ ಇಲ್ಲದೆ ಅಷ್ಟು ದೂರದಿಂದ ಬರುತ್ತಾಳೆ, ಬರಿಗೈಯಲ್ಲಿ ಕಳಿಸಬಾರದು ಎಂದರು. ಬಾಗಿಲು ಎಳೆದುಕೊಂಡು ಹೊರಗೆ ಕೂತಾಗ ಜೇಬಿನಿಂದ ಗಡಿಯಾರ ತೆಗೆದು ನೋಡಿ, ಎಂದಿಗಿಂತ ಹೆಚ್ಚು ಹೊತ್ತು ಕಾಯಿಸಿದರು. ಏಕೆ ಎಂದರೆ, ಎಲ್ಲ ದೂರದ ಗಿರಾಕಿಗಳು ಎಂದರು.

ಅಜ್ಜಮ್ಮ ಇನ್ನೆರಡು ಎಡೆ ಕಂಡು, ಮೂರನೆಯದಕ್ಕೆ ಮುಂಚೆ ಹೋದರು. ಒಂದೇ ದಿವಸದ ಜ್ವರ. ಅದೂ ಒಂದು ಪುಣ್ಯ. ಏಜೆಂಟರು ಅದಾದ ಮೇಲೂ ತಪ್ಪಿಸಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಮಗಳು ಒಂದು ದಿವಸ ಮುಂಚೆ ಹಾಸನದಿಂದ ಬಂದು ಅವರ ಕಡೆಯ ಅಡುಗೆ ಮಾಡುವಳು, ಈ ಕಡೆಯಿಂದ ನನ್ನದು ಹೋಗುವುದು. ಹಿಂದಿನ ವಾರ ತಿಥಿ ನೆನಪಿಸಲು ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು, ಅದೂ ಒಂದು ದಿವಸ ಮುಂಚಿತವಾಗಿಯೇ ಹೇಳುತ್ತಿದ್ದರು, ಬಸ್ಸಿನ ಅಭ್ಯಾಸ. ಆ ಚಾಳಿಯೂ ನಿಂತಿತು, ಇಳಿದವರನ್ನು ಅಂಡಮಾನಿನ ಬಗ್ಗೆ ಕೇಳುವುದು. ಅದರ ಬದಲು ಯಾರಾದರೂ ‘ಕರಿನೀರ್ನೋರು’ ಎಂದರೆ ತಾವೇ ನಿಲ್ಲಿಸಿ ಪೂರ್ತಿ ಕಥೆ ಹೇಳುವರು, ಬಸ್ಸು ತಡವಾದರೂ ಬಿಡರು. ಈ ಆಷಾಢದಲ್ಲಿ ಎದೆನೋವು ಎಂದು ಮಗಳು ಬಂದು ಕರೆದುಕೊಂಡು ಹೋದಳು. ಬಸ್ಸು ಹತ್ತಿ ಕೂತು, ಅಭ್ಯಾಸಬಲದಿಂದ ತಾವೇ ಸೀಟಿ ಊದಿದರು ಎಂದು ಕಂಡವರು ಹೇಳಿದರು.

ನಾಳೆ ಮಹಾಲಯ ಅಮಾವಾಸ್ಯೆ. ಸುದ್ದಿ ತಂದು ನಿಂತವರಿಗೆ ಕಾಲಿಗೆ ನೀರು ಕೊಟ್ಟೆ, ಊಟಕ್ಕೆ ಬಡಿಸಿದೆ. ಬಡಿಸುತ್ತ ಯೋಚನೆ ಅದೇ. ಏಜೆಂಟರಿಗೆ ಗಂಡುಮಕ್ಕಳಿಲ್ಲ. ಮಗಳು ಗಂಡನ ಮನೆಯ ಹಿರಿಯರಿಗೆ ಇಡಬೇಕು. ಸೂತಕ ಕಳೆದು ಮುಂದಿನ ವರ್ಷದಿಂದ ಅವರ ದಾಯಾದಿಗಳು ತಾತನಿಗೂ ಅಜ್ಜಿಗೂ ಏಜೆಂಟರಿಗೂ ಇಟ್ಟಾರು, ನಾನು ಬೇಡ ಅನ್ನುವುದಿಲ್ಲ. ಆ ದ್ವೀಪದ ಹೆಂಗಸಿಗೆ ಯಾರು ಇಡುತ್ತಾರೆ? ಹೆಸರು ಇಲ್ಲ, ಕುಲ ಇಲ್ಲ, ಹೆತ್ತದ್ದು ಇಲ್ಲ. ಆರೇಳು ವರ್ಷ ನನ್ನ ಕೈಯ ಊಟಕ್ಕೆ ಬಂದವಳು.

ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಪಕ್ಕದವರಿಗೆ ಬೇಯಿಸಿ ಕೊಡುವುದು ಬೇರೆ, ನಮ್ಮ ಹಿತ್ತಲಲ್ಲೇ ಎಲೆ ಹಾಕುವುದು ಬೇರೆ. ಶಿವನಿಗೆ ಕೋಪ ಬರುತ್ತದೆಯೋ ಎಂದುಕೊಂಡೆ. ಊರೂರು ಭಿಕ್ಷೆ ಎತ್ತಿ ಉಂಡವನು, ಒಬ್ಬಳಿಗೆ ಒಂದು ತುತ್ತು ಇಟ್ಟರೆ ಕೋಪ ಮಾಡುವನೇ ಎಂದೂ ಅನಿಸಿತು. ನಮ್ಮ ಮನೆಯವರಿಗೆ ಇದ್ದದ್ದನ್ನು ಹೇಳಿದೆ. ಅವರು ಎದ್ದು ಕೈ ತೊಳೆದು ಹಿತ್ತಲಿಗೆ ಹೋದರು. ಸಿಟ್ಟಾದರೋ ಏನೋ ಎಂದು ನಾನು ತಟ್ಟೆ ಎತ್ತುತ್ತಿದ್ದಾಗ ಬಾಳೆಗಿಡದ ಹತ್ತಿರದಿಂದ ಕುಡುಗೋಲಿನ ಸದ್ದು, ಹಿಂದೆಯೇ ಅವರ ದನಿ ಬಂತು. “ಒಂದು ಎಲೆ ಸಾಕೇನೇ?”

ಒಂದು ಸಾಕು ಎಂದೆ. ಅಡುಗೆಮನೆಗೆ ಹೋಗಿ ಡಬ್ಬಿ ಇಳಿಸಿ, ಉದ್ದಿನಬೇಳೆಯಲ್ಲಿ ಕಲ್ಲು ಆರಿಸುವುದಕ್ಕೆ ಕೂತೆ.